ಪ್ರೆಸ್ಸಿನವ ಶಾಸನ ಓದಲು ಕೂತದ್ದು

ಗದಗಿನಲ್ಲಿ ನಂದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಅಪ್ಪ ಅಚ್ಚಿನ ಮೊಳೆ ಜೋಡಿಸುತ್ತಿದ್ದರು, ನಾನು ಕಂಪ್ಯೂಟರಿನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು. ದಿನವೆಲ್ಲ ಕನ್ನಡ ಅಕ್ಷರದ ಜೊತೆಗೇ ಬಾಳುವೆ. ಹಾಗಿದ್ದೂ ಒಮ್ಮೆ ಲಕ್ಕುಂಡಿಯಲ್ಲಿ ತಂಗಿಯ ಮಗ ಒಂದು ಶಾಸನದ ಕಲ್ಲು ತೋರಿಸಿ, "ಮಾಮಾ, ಇದೂ ಕನ್ನಡ ಅಲ್ವಾ? ಓದಿ" ಅಂದಾಗ ನನ್ನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಆಗ ನನಗೆ 43 ವರ್ಷ. ಆ ಕಲ್ಲು ಇರುವುದು ನಮ್ಮ ಪ್ರೆಸ್ಸಿನಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ.

ಕಲಿಯಲೇಬೇಕು ಅಂತ ಹಟ ಬಂತು. ಜನವರಿ ಒಂದನೇ ತಾರೀಖಿನಿಂದ ಶುರು ಅಂತ ಮೂರು ಬಣ್ಣದ ಪೆನ್ನಿನಲ್ಲಿ ಚಾರ್ಟ್ ಮಾಡಿದೆ. ಬೆಳಗ್ಗೆ ಐದಕ್ಕೆ ಏಳುವುದು, ಎರಡು ತಾಸು ಓದುವುದು, ಏಳು ಪುಸ್ತಕ ಮುಗಿಸುವುದು. ಸರಿಯಾಗಿ ಒಂಬತ್ತು ದಿನ ನಡೆಯಿತು. ದುಡ್ಡು ಕಟ್ಟಿ ಒಂದು ವಿಡಿಯೊ ಕ್ಲಾಸಿಗೂ ಸೇರಿದ್ದೆ. ಅಲ್ಲಿ ಮೂರು ವಾರ ಬರೀ ಬ್ರಾಹ್ಮಿ ಲಿಪಿಯ ಚರಿತ್ರೆ ಹೇಳಿದರು, ನನ್ನ ಕಲ್ಲಿನ ಹತ್ತಿರ ಬರಲೇ ಇಲ್ಲ. ಅಷ್ಟರಲ್ಲಿ ಲಗ್ನದ ಸೀಜನ್ ಬಂತು. ಚಾರ್ಟಿನ ಮೇಲೆ ಯಾರೋ ಚಹಾದ ಕಪ್ಪು ಇಟ್ಟರು, ನಾನೂ ಸುಮ್ನೆ ಬಿಟ್ಟೆ.

ಆಮೇಲೆ ಒಂದು ದಿನ ಬಿ.ಇಡಿ. ಓದುವ ಹುಡುಗಿಯೊಬ್ಬಳ ನೋಟ್ಸ್ ಟೈಪಿಂಗಿಗೆ ಬಂತು. ಅದರಲ್ಲಿ ದೊಡ್ಡವರ ಕಲಿಕೆಯ ಬಗ್ಗೆ ಅಮೆರಿಕದ ಮಾಲ್ಕಮ್ ನೋಲ್ಸ್ ಹೇಳಿದ ಒಂದು ಮಾತಿತ್ತು. ಕಲಿಯುವವನು ತನ್ನ ಜೊತೆ ತಾನೇ ಒಂದು ಕರಾರು ಬರೆದುಕೊಳ್ಳಬೇಕು. ಏನು ಕಲಿಯುತ್ತೇನೆ, ಯಾವುದರಿಂದ, ಯಾವಾಗಿನೊಳಗೆ, ಕಲಿತದ್ದಕ್ಕೆ ಸಾಕ್ಷಿ ಏನು, ಆ ಸಾಕ್ಷಿ ಸರಿಯೋ ತಪ್ಪೋ ಅಂತ ಹೇಗೆ ತೀರ್ಮಾನಿಸುವುದು. ಟೈಪ್ ಮಾಡುತ್ತ ಮಾಡುತ್ತ ನಗು ಬಂತು. ನನ್ನ ಮೂರು ಬಣ್ಣದ ಚಾರ್ಟಿನಲ್ಲಿ ಕೊನೆಯ ಎರಡು ಇರಲೇ ಇಲ್ಲ.

ಒಂದು ಹಾಳಾದ ಲಗ್ನಪತ್ರಿಕೆಯ ಹಿಂದೆ ಹೊಸದಾಗಿ ಬರೆದೆ. ಈ ಸಲ ಸಾಕ್ಷಿಯಿಂದಲೇ ಶುರು ಮಾಡಿದೆ: ನಾನು ಪುಸ್ತಕದಲ್ಲಿ ನೋಡದ ಒಂದು ಕಲ್ಲಿನ ಮುಂದೆ ನಿಂತು ಹತ್ತು ಸಾಲು ಓದಿ ಬರೆದುಕೊಡಬೇಕು. ಅದನ್ನು ಬರೆದ ಕೂಡಲೇ ಏನು ಬೇಡ ಅನ್ನುವುದು ತಾನಾಗಿಯೇ ಗೊತ್ತಾಯಿತು. ಬ್ರಾಹ್ಮಿ ಬೇಡ, ತಾಮ್ರಪಟ ಬೇಡ, ಹಳಗನ್ನಡ ಕಾವ್ಯ ಸದ್ಯಕ್ಕೆ ಬೇಡ. ಕಲ್ಯಾಣ ಚಾಲುಕ್ಯರ ಕಾಲದ, ಅಂದರೆ ಹನ್ನೊಂದು ಹನ್ನೆರಡನೇ ಶತಮಾನದ ಲಿಪಿ ಸಾಕು. ಏಳು ಪುಸ್ತಕ ಹೋಗಿ ಒಂದೇ ಉಳಿಯಿತು. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11ನೇ ಸಂಪುಟ. ನಮ್ಮ ಕಡೆಯ ಶಾಸನಗಳ ಪಾಠ ಅದರಲ್ಲಿ ಈಗಿನ ಕನ್ನಡ ಅಕ್ಷರದಲ್ಲೇ ಅಚ್ಚಾಗಿದೆ.

ವೇಳೆಯನ್ನು ಕ್ಯಾಲೆಂಡರ್ ಬಿಟ್ಟು ಪಂಚಾಂಗ ನೋಡಿ ಇಟ್ಟುಕೊಂಡೆ. ಆಷಾಢದಲ್ಲಿ, ಧನುರ್ಮಾಸದಲ್ಲಿ ಲಗ್ನ ಇಲ್ಲ, ಪ್ರೆಸ್ಸಿಗೂ ಕೆಲಸ ಕಡಿಮೆ. ಹೊಸ ಅಕ್ಷರ ಕಲಿಯುವುದು ಆಗ ಮಾತ್ರ. ಸೀಜನ್ನಿನಲ್ಲಿ ಮಧ್ಯಾಹ್ನ ಊಟದ ಮೇಲೆ ಕಾಲು ತಾಸು ಹಳೆಯದನ್ನೇ ತಿರುವಿಹಾಕುವುದು. ಮನೆಯಲ್ಲಿ ಮಗಳು, "ಅಪ್ಪಾ, ನಿನಗ ಪರೀಕ್ಷಾ ಯಾವಾಗ?" ಅಂತ ಕೇಳಿದರೆ "ಬರೋ ಆಷಾಢಕ್ಕ" ಅನ್ನುತ್ತಿದ್ದೆ. ಪರೀಕ್ಷೆ ಮಾಡುವವರು ನಮ್ಮ ಓಣಿಯ ರಿಟೈರ್ಡ್ ಹಿಸ್ಟರಿ ಮಾಸ್ತರು. ಅವರಿಗೆ ಫೀಜು ಎಂದರೆ ಎರಡು ಚಹಾ ಮತ್ತು ಅವರ ಮೊಮ್ಮಗನ ಜವಳದ ಕಾರ್ಡು.

ಎಲ್ಲರಿಗೂ ಬರುವ ಪ್ರಶ್ನೆ, ಗುರುತೇ ಇಲ್ಲದ ಅಕ್ಷರವನ್ನು ಎಲ್ಲಿಂದ ಹಿಡಿಯುವುದು? ಚಾಲುಕ್ಯ ಶಾಸನಗಳಲ್ಲಿ ಒಂದು ಅನುಕೂಲ ಇದೆ. ರಾಜನ ಹೊಗಳಿಕೆ ಹೆಚ್ಚುಕಡಿಮೆ ಒಂದೇ ಅಚ್ಚಿನದು: ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣ. ನಮ್ಮ ಲಗ್ನಪತ್ರಿಕೆಯ ಒಕ್ಕಣೆಯ ಹಾಗೆ, ಹೆಸರು ಮಾತ್ರ ಬದಲು. ಇದೊಂದನ್ನು ಬಾಯಿಪಾಠ ಮಾಡಿ ಕಲ್ಲಿನ ಫೋಟೊ ಪಕ್ಕಕ್ಕಿಟ್ಟು ಒಂದೊಂದೇ ಅಕ್ಷರ ಹೊಂದಿಸಿದರೆ 20 ವ್ಯಂಜನ ಕೈಗೆ ಸಿಗುತ್ತವೆ. ಎಣಿಸಿ ನೋಡಿದ್ದೇನೆ. ಗ, ದ, ಬ ಇದರಲ್ಲಿ ಸಿಗುವುದಿಲ್ಲ. ಅವು ಮುಂದೆ ಗದ್ಯಾಣ (ಆಗಿನ ಹೊನ್ನಿನ ನಾಣ್ಯ), ಬಸದಿ ಅನ್ನುವ ಮಾತಿನಲ್ಲಿ ಸಿಕ್ಕವು.

ಕಟಿಂಗ್ ಮಷಿನ್ನಿನ ಕೆಳಗೆ ಬಿದ್ದ ಕಾರ್ಡಿನ ಚೂರುಗಳ ಮೇಲೆ ಒಂದೊಂದು ಅಕ್ಷರ ಬರೆದೆ. ಅಪ್ಪನ ಕಾಲದ ಮೊಳೆಯ ಕೇಸು ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು, ಅದನ್ನು ಇಳಿಸಿದೆ. ಗೊತ್ತಾದ ಅಕ್ಷರ ಮೇಲಿನ ಗೂಡಿಗೆ, ತಪ್ಪಿದ್ದು ಕೆಳಗಿನ ಗೂಡಿಗೆ. ಕೆಳಗಿನವನ್ನು ದಿನಾ ನೋಡುವುದು, ಮೇಲಿನವನ್ನು ವಾರಕ್ಕೊಮ್ಮೆ. ನನಗೆ ವ ಮತ್ತು ಚ ಎರಡೂ ಎರಡು ತಿಂಗಳು ಕೆಳಗಿನ ಗೂಡು ಬಿಟ್ಟು ಏಳಲಿಲ್ಲ.

ಫೋಟೊ ಬಗ್ಗೆ ಒಂದು ಮಾತು. ನಡು ಮಧ್ಯಾಹ್ನ ಹೋದರೆ ಕಲ್ಲು ಬೋಳು ಬೋಳಾಗಿ ಕಾಣುತ್ತದೆ. ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಅಕ್ಷರದೊಳಗೆ ನೆರಳು ತುಂಬುತ್ತದೆ. ಒಳಗಿನ ಕಲ್ಲಾದರೆ ಟಾರ್ಚನ್ನು ಪಕ್ಕದಿಂದ ಹಿಡಿದರೆ ಆಯಿತು. ಸೀಮೆಸುಣ್ಣ, ಹಿಟ್ಟು ಬಳಿಯಬಾರದು. ಕಾಗದ ಒತ್ತಿ ಮಸಿಯಲ್ಲಿ ಪಡಿಯಚ್ಚು ತೆಗೆಯುವುದು ಅನುಮತಿ ಇದ್ದವರ ಕೆಲಸ.

ನಾಲ್ಕನೇ ತಿಂಗಳಿಗೆ ನಾನು ಗಡಗಡ ಓದುತ್ತಿದ್ದೆ. ಮಾಸ್ತರ ಮುಂದೆ ಒಂದು ಫೋಟೊ ಇಟ್ಟು "ಚಾಳುಕ್ಯಾಭರಣಂ ಶ್ರೀಮತ್ ತ್ರೈಳೋಕ್ಯಮಲ್ಲ" ಅಂತ ಬೀಗುತ್ತ ಓದಿದೆ. ಅವರು ಕನ್ನಡಕ ತೆಗೆದರು.

"ತಮ್ಮಾ, ಓದಾಕತ್ತೀಯೋ, ಊಹಾ ಮಾಡಾಕತ್ತೀಯೋ?"

ಕಲ್ಲಿನಲ್ಲಿ ಇದ್ದದ್ದು ತ್ರಿಭುವನಮಲ್ಲ. ಮೊದಲಿಗೆ ತ್ರ ಕಂಡಿತು, ಉಳಿದದ್ದನ್ನು ಬಾಯಿ ತಾನೇ ತುಂಬಿಕೊಂಡಿತ್ತು. ಸಣ್ಣ ತಪ್ಪಲ್ಲ ಇದು. ತ್ರೈಳೋಕ್ಯಮಲ್ಲ ಒಂದನೇ ಸೋಮೇಶ್ವರ, ತ್ರಿಭುವನಮಲ್ಲ ಅವನ ಮಗ ಆರನೇ ವಿಕ್ರಮಾದಿತ್ಯ. ಮಗ 1076ರಲ್ಲಿ ಚಾಳುಕ್ಯ ವಿಕ್ರಮ ವರ್ಷ ಅನ್ನುವ ತನ್ನದೇ ಶಕೆ ಶುರು ಮಾಡಿದವನು. ಅಪ್ಪನ ಹೆಸರು ಓದಿಕೊಂಡರೆ ಮುಂದಿನ ತೇದಿಯ ಲೆಕ್ಕವೆಲ್ಲ ಅಡ್ಡದಾರಿ ಹಿಡಿಯುತ್ತದೆ. ಬಾಯಿಪಾಠ ನನ್ನನ್ನು ಬಾಗಿಲವರೆಗೆ ತಂದಿತ್ತು, ಈಗ ಅದೇ ಬಾಗಿಲಿಗೆ ಅಡ್ಡ ನಿಂತಿತ್ತು.

ಆ ರಾತ್ರಿ ನೆನಪಾದದ್ದು ಅಪ್ಪ. ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾ ಇರುತ್ತದೆ. ಪ್ರೂಫ್ ನೋಡುವಾಗ ಅಪ್ಪ ಹೆಸರುಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಓದುತ್ತಿದ್ದರು. ಅರ್ಥ ಹಿಡಿದುಕೊಂಡರೆ ಕಣ್ಣು ಮೋಸ ಮಾಡುತ್ತದೆ ಅಂತ. ಕರಾರಿನ ಕಾರ್ಡು ತೆಗೆದು ತಿದ್ದಿದೆ. ಇನ್ನು ಮೇಲೆ ಪ್ರತಿ ಸಾಲನ್ನೂ ಬಲದಿಂದ ಎಡಕ್ಕೆ, ಅಕ್ಷರ ಅಕ್ಷರ ಬಿಡಿಸಿ ಬರೆಯುವುದು. ಎಲ್ಲ ಬರೆದಾದ ಮೇಲೆಯೇ ಎಡದಿಂದ ಓದುವುದು. ಸಂಪುಟದ ಪಾಠ ತೆರೆಯುವುದು ಅದಾದ ಮೇಲೆ. ಹತ್ತು ನಿಮಿಷದ ಸಾಲಿಗೆ ನಲವತ್ತು ನಿಮಿಷ ಹಿಡಿಯತೊಡಗಿತು. ಮುಂದೆ ಓಡುತ್ತಿದ್ದವನು ಹಿಂದಕ್ಕೆ ಬಿದ್ದ ಹಾಗೆ ಅನಿಸಿ ಎರಡು ವಾರ ಬೇಜಾರೂ ಆಯಿತು.

ಆಷಾಢ ಬಂತು. ಮಾಸ್ತರು ಮೊದಲೇ ಆರಿಸಿಟ್ಟಿದ್ದ ಕಲ್ಲಿನ ಮುಂದೆ ಕೂತೆ. ಕಲ್ಲಿನ ಕೊನೆಯ ಭಾಗ ಆರಿಸಿದ್ದರು, ಹೊಗಳಿಕೆಯ ಗಂಧವೇ ಇಲ್ಲದ್ದು. ದತ್ತಿಯ ಭೂಮಿ ಎಷ್ಟು ಮತ್ತರು (ಆಗಿನ ಭೂಮಿಯ ಅಳತೆ), ಯಾವ ದಿಕ್ಕಿಗೆ ಯಾವ ಗಡಿ. ಕೊಟ್ಟ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಅನ್ನುವ ಶ್ಲೋಕ ಬಂದಾಗ ಮಾತ್ರ ಹಳೆಯ ನೆಂಟ ಸಿಕ್ಕ ಹಾಗಾಯಿತು. ಅದನ್ನೂ ಹಿಂದಿನಿಂದಲೇ ಬರೆದೆ.

ಹತ್ತು ಸಾಲಿನಲ್ಲಿ ಹದಿನೇಳು ತಪ್ಪು. ಪ್ರೆಸ್ಸಿನಲ್ಲಿ ಇಂಥ ಪ್ರೂಫ್ ಕೊಟ್ಟರೆ ಗಿರಾಕಿ ಅಡ್ವಾನ್ಸ್ ವಾಪಸ್ ಕೇಳುತ್ತಾನೆ. ಮಾಸ್ತರು ಕೆಂಪು ಪೆನ್ನಿನಲ್ಲಿ ಎಲ್ಲ ಗುರುತು ಹಾಕಿ, "ಊಹಾ ಮಾಡಿದ್ದು ಒಂದೂ ಇಲ್ಲ ನೋಡ" ಅಂದು ಕಾಗದ ಮಡಚಿ ಕೊಟ್ಟರು. ಹದಿನೇಳರಲ್ಲಿ ಆರು ವ, ಚದ್ದೇ. ಆ ಎರಡು ಕಾರ್ಡು ಮತ್ತೆ ಕೆಳಗಿನ ಗೂಡಿಗೆ ಹೋದವು.