ಸ್ಪೋರ್ಟ್ಸ್ ಕಾರಿನ ಕುಲುಕಾಟ ಇಳಿಸುವುದು: ಸ್ಪ್ರಿಂಗಿಗೆ ಕೈ ಹಾಕುವುದು ಕೊನೆಗೆ

ಮುಂಬೈಯ ಕಿತ್ತುಹೋದ ಪೇವರ್ ಬ್ಲಾಕ್ ಕೊಡುವ ಪೆಟ್ಟು ಬೇರೆ, ಪುಣೆ ಎಕ್ಸ್‌ಪ್ರೆಸ್‌ವೇಯ ಕಾಂಕ್ರೀಟ್ ಜೋಡಣೆಗಳು ಕೊಡುವುದು ಬೇರೆ. ಎರಡಕ್ಕೂ ಸೇರಿಸಿ "ಗಾಡಿ ಗಟ್ಟಿ" ಎಂದು ಗ್ಯಾರೇಜಿನಲ್ಲಿ ಹೇಳಿದರೆ ಮೆತ್ತನೆ ಸ್ಪ್ರಿಂಗ್ ಹಾಕಿ ಕಳಿಸುತ್ತಾರೆ. ಕುಲುಕಾಟ ಹಾಗೇ ಉಳಿಯುತ್ತದೆ, ಘಾಟಿನ ತಿರುವಿನಲ್ಲಿ ಹಿಡಿತ ಮಾತ್ರ ಹೋಗುತ್ತದೆ. ಟೈರ್, ಬಂಪ್ ಸ್ಟಾಪ್ (ಸಸ್ಪೆನ್ಷನ್ ತೀರಾ ಅದುಮಿದಾಗ ತಡೆಯುವ ಮೆತ್ತೆ), ರಿಬೌಂಡ್ (ಅದುಮಿದ ಸ್ಪ್ರಿಂಗ್ ಮತ್ತೆ ಬಿಚ್ಚಿಕೊಳ್ಳುವಾಗ ಶಾಕ್ ಅಬ್ಸಾರ್ಬರ್ ಒಡ್ಡುವ ತಡೆ) ಈ ಮೂರನ್ನು ನೋಡದೆ ಸ್ಪ್ರಿಂಗ್ ಬಿಚ್ಚಬೇಡಿ.

ಗಾಳಿಯಿಂದ ಶುರು ಮಾಡಿ, ಇದಕ್ಕೆ ಖರ್ಚಿಲ್ಲ. ಬಾಗಿಲಿನ ಕಂಬದ ಸ್ಟಿಕರ್‌ನಲ್ಲಿ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ: ಒಬ್ಬಿಬ್ಬರು ಕೂತಾಗಿನದು, ಗಾಡಿ ತುಂಬಿದಾಗಿನದು. ಬಂಕಿನವರು ನಾಲ್ಕಕ್ಕೂ ಕಣ್ಣುಮುಚ್ಚಿ 35-36 ಪಿಎಸ್‌ಐ ತುಂಬಿಬಿಡುತ್ತಾರೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಸ್ವಂತ ಗೇಜಿನಲ್ಲಿ ಅಳೆದು, ಒಬ್ಬಿಬ್ಬರೇ ಓಡಾಡುವುದಾದರೆ ಸ್ಟಿಕರಿನ ಕಡಿಮೆ ಅಂಕಿಗೆ ತನ್ನಿ. ಅದಕ್ಕಿಂತ ಕೆಳಗೆ ಬೇಡ. ಗಾಳಿ ಕಮ್ಮಿಯಾದ ಟೈರಿನ ಪಕ್ಕೆ ಹೊಂಡದ ಅಂಚಿಗೂ ರಿಮ್ಮಿಗೂ ನಡುವೆ ಜಜ್ಜಿ, ಒಳಗಿನ ದಾರ ಹರಿದು ಗುಳ್ಳೆ ಏಳುತ್ತದೆ. ನೈಟ್ರೋಜನ್ ತುಂಬಿಸಿದರೆ ಸವಾರಿ ಮೆತ್ತಗಾಗುತ್ತದೆ ಎಂಬುದನ್ನು ನಂಬಬೇಡಿ. ಒತ್ತಡ ಅಷ್ಟೇ ಇದ್ದರೆ ಪೆಟ್ಟೂ ಅಷ್ಟೇ.

ಇನ್ನು ಟೈರಿನ ಅಳತೆ. 225/40 ಆರ್18 (ಅಗಲ 225 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 40, ರಿಮ್ 18 ಇಂಚು) ಇರುವ ಕಾರಿಗೆ 225/45 ಆರ್17 ಹಾಕಿದರೆ ಪಕ್ಕೆಯ ಎತ್ತರ 90 ಮಿ.ಮೀ.ನಿಂದ 101 ಮಿ.ಮೀ.ಗೆ ಏರುತ್ತದೆ. ಒಟ್ಟು ವ್ಯಾಸ ಬದಲಾಗುವುದು 3 ಮಿ.ಮೀ. ಮಾತ್ರ, ಹಾಗಾಗಿ ಸ್ಪೀಡೋಮೀಟರ್ ಕೆಡುವುದಿಲ್ಲ. ಅಗಲ ಅಷ್ಟೇ ಇರುವುದರಿಂದ ಹಿಡಿತಕ್ಕೂ ದೊಡ್ಡ ಪೆಟ್ಟಿಲ್ಲ. ಸ್ಟೀರಿಂಗ್ ತಿರುಗಿಸಿದ ಮೊದಲ ಕ್ಷಣದ ಚುರುಕು ಒಂದಿಷ್ಟು ಮಂದವಾಗುತ್ತದೆ. ನಮ್ಮ ಲೆಕ್ಕದಲ್ಲಿ ಇದರಷ್ಟು ಲಾಭದ ವ್ಯಾಪಾರ ಬೇರೆ ಇಲ್ಲ. ಆದರೆ ನಿಮ್ಮ ಮಾದರಿಗೆ ಕಂಪನಿಯೇ ಒಪ್ಪಿದ ಅಳತೆಯಲ್ಲೇ ಇರಿ, ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಭಾರದ ಅಂಕಿ) ಕಂಪನಿ ಹೇಳಿದ್ದಕ್ಕಿಂತ ಇಳಿಯಬಾರದು. ಮುಂಬೈಯಲ್ಲಿ ಕಾರಿನ ಬಿಡಿಭಾಗಗಳ ಅಂಗಡಿಗಳಿರುವ ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಕೊಳ್ಳುವುದಾದರೆ ದುಡ್ಡು ಕೊಡುವ ಮುನ್ನ ಬರೀ ರಿಮ್ಮನ್ನು ಮುಂಚಕ್ರದ ಜಾಗಕ್ಕೆ ತೊಡಿಸಿ ಕೈಯಲ್ಲಿ ತಿರುಗಿಸಿ ನೋಡಿ. ಬ್ರೇಕ್ ಕ್ಯಾಲಿಪರಿಗೂ ರಿಮ್ಮಿಗೂ ನಡುವೆ 3 ಮಿ.ಮೀ. ಆದರೂ ಸಂದು ಬೇಕು. ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ಅಳತೆ), ಆಫ್‌ಸೆಟ್ (ರಿಮ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬುದು), ನಡುತೂತು ಮೂರೂ ಹೊಂದಬೇಕು. ತೂತು ದೊಡ್ಡದಿದ್ದರೆ ಆ ಸಂದು ತುಂಬುವ ಹಬ್ ರಿಂಗ್ ಹಾಕಿಸಿ, ಇಲ್ಲದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಗಾಳಿ ಹೋದರೂ ಒಂದಿಷ್ಟು ದೂರ ಓಡುವ, ಪಕ್ಕೆ ಗಟ್ಟಿಯಾದ ರನ್‌ಫ್ಲಾಟ್ ಟೈರ್ ಇದ್ದರೆ ಮಾಮೂಲಿ ಟೈರಿಗೆ ಬದಲಾಯಿಸಿ. ಅಂಥ ಕಾರಿನಲ್ಲಿ ಸಾಮಾನ್ಯವಾಗಿ ಸ್ಟೆಪ್ನಿ ಇರುವುದಿಲ್ಲ. ಪಂಕ್ಚರ್ ಕಿಟ್ಟೂ 12 ವೋಲ್ಟಿನ ಪಂಪೂ ಡಿಕ್ಕಿಯಲ್ಲಿರಲಿ.

ಇಷ್ಟಾದ ಮೇಲೂ ಹೊಂಡಕ್ಕೆ ಇಳಿದಾಗ "ಧಡ್" ಎಂದು ಬೆನ್ನುಮೂಳೆಗೆ ಬಡಿದರೆ, ಅದು ಸ್ಪ್ರಿಂಗ್ ಅಲ್ಲ, ಬಂಪ್ ಸ್ಟಾಪ್. ಶಾಕ್ ಅಬ್ಸಾರ್ಬರಿನ ರಬ್ಬರ್ ಮುಸುಕನ್ನು ಮೇಲಕ್ಕೆ ಸರಿಸಿ, ಹೊಳೆಯುವ ರಾಡಿಗೆ ಒಂದು ಕೇಬಲ್ ಟೈ ಬಿಗಿದು ಕೆಳಗಿನ ಸೀಲಿಗೆ ತಾಗಿಸಿಡಿ. ದಿನಾ ಓಡಾಡುವ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು ಟೈ ಎಷ್ಟು ಮೇಲೇರಿದೆ ಅಳೆಯಿರಿ. ಬಂಪ್ ಸ್ಟಾಪಿನೊಳಗೆ ಒತ್ತಿಕೊಂಡಿದ್ದರೆ ಉತ್ತರ ಸಿಕ್ಕಿತು. ನಿಂತ ಎತ್ತರದಿಂದ ಸ್ಟಾಪಿನವರೆಗೆ 40 ಮಿ.ಮೀ. ಖಾಲಿ ಇದ್ದರೆ ನೆಮ್ಮದಿ, 20ಕ್ಕೆ ಬಂದರೆ ನಗರದ ಹೊಂಡಗಳಿಗೆ ಸಾಲದು. ಚೆಂದಕ್ಕೆಂದು ಲೋವರಿಂಗ್ ಸ್ಪ್ರಿಂಗ್ ಹಾಕಿಸಿ ಗಾಡಿಯನ್ನು 30 ಮಿ.ಮೀ. ಇಳಿಸಿದವರು ಕಳೆದುಕೊಂಡಿರುವುದು ಈ ಜಾಗವನ್ನೇ. ಕಂಪನಿ ಸ್ಪ್ರಿಂಗಿಗೆ ಮರಳಿ. ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್ಟು) ಇದ್ದರೆ ನಾಲ್ಕೂ ಮೂಲೆ 10-15 ಮಿ.ಮೀ. ಏರಿಸಿ. ಬಂಪ್ ಸ್ಟಾಪನ್ನು ಕತ್ತರಿಸುವ ಸಲಹೆಗೆ ಕಿವಿಗೊಡಬೇಡಿ, ಆಮೇಲೆ ಶಾಕಿನ ಒಳಗಿನ ವಾಲ್ವೇ ಪೆಟ್ಟು ತಿನ್ನುತ್ತದೆ. ಚೌತಿಗೆ ಊರಿಗೆ ಹೊರಟು ಡಿಕ್ಕಿ ತುಂಬಿಸಿದ ದಿನವೂ ಹಿಂಭಾಗದ ಟೈ ಒಮ್ಮೆ ನೋಡಿ.

ಎಕ್ಸ್‌ಪ್ರೆಸ್‌ವೇಯ ಸಮಸ್ಯೆ ಇನ್ನೊಂದು ಬಗೆಯದು. ಮೊದಲ ಜೋಡಣೆ ಪರವಾಗಿಲ್ಲ, ನಾಲ್ಕೈದು ದಾಟುವಷ್ಟರಲ್ಲಿ ಗಾಡಿ ಕಲ್ಲಾಗುತ್ತದೆ ಎಂದರೆ ರಿಬೌಂಡ್ ಬಿಗಿಯಾಗಿದೆ. ಅದುಮಿದ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಮುಂದಿನ ಜೋಡಣೆ ಬರುತ್ತದೆ. ಗಾಡಿ ಇಷ್ಟಿಷ್ಟೇ ಕುಸಿದು ಸ್ಟಾಪಿನ ಮೇಲೆ ಕೂರುತ್ತದೆ. ಕೆಡಬ್ಲ್ಯೂ ಕಂಪನಿಯ ವಿ2ನಂಥ, ರಿಬೌಂಡ್ ಹೊಂದಿಸಬಹುದಾದ ಕಾಯಿಲೋವರ್ ಸೆಟ್ಟುಗಳಲ್ಲಿ ಗುಂಡಿಯನ್ನು ಬೆರಳ ಬಲದಲ್ಲಷ್ಟೇ ಪೂರ್ತಿ ಬಿಗಿಸಿ, ಅಲ್ಲಿಂದ ಸಡಿಲಿಸಿದ ಕ್ಲಿಕ್ಕುಗಳನ್ನು ಬರೆದಿಡಿ. ಒಮ್ಮೆಗೆ ಎರಡೇ ಕ್ಲಿಕ್, ಎಡಬಲ ಒಂದೇ ಸಮ, ಅದೇ ರಸ್ತೆ, ಅದೇ ವೇಗ. ದೊಡ್ಡ ಉಬ್ಬು ದಾಟಿದ ಮೇಲೆ ಗಾಡಿ ಒಂದಕ್ಕಿಂತ ಹೆಚ್ಚು ಸಲ ತೂಗಿದರೆ ಅತಿಯಾಯಿತು, ಒಂದು ಕ್ಲಿಕ್ ವಾಪಸ್. ಗುಂಡಿಯೇ ಇಲ್ಲದ ಶಾಕಿನಲ್ಲಿ ಎಣ್ಣೆ ಜಿನುಗುತ್ತಿದ್ದರೆ ಜೋಡಿಯಾಗಿ ಬದಲಿಸಿ. ಎಲೆಕ್ಟ್ರಾನಿಕ್ ಶಾಕ್ ಇರುವ ಕಾರಿಗೆ ಸಾದಾ ಶಾಕ್ ಹಾಕಿದರೆ ಡ್ಯಾಶಿನಲ್ಲಿ ದೋಷದ ದೀಪ ಉರಿಯುತ್ತದೆ, ಅದನ್ನು ಆರಿಸುವ ಮಾಡ್ಯೂಲ್ ಬೇರೆ ಬೇಕು.

ಈಗ ಸ್ಪ್ರಿಂಗ್. ಒಂದು ಮೂಲೆಯ ಮೇಲೆ 320 ಕೆ.ಜಿ. ಕೂತಿದೆ, ಚಕ್ರದ ಬಳಿ ಬಿಗಿತ ಪ್ರತಿ ಮಿ.ಮೀ.ಗೆ 40 ನ್ಯೂಟನ್ ಎಂದಿಟ್ಟುಕೊಳ್ಳಿ. ಆಗ ಆ ಮೂಲೆ ಸೆಕೆಂಡಿಗೆ ಸುಮಾರು 1.8 ಸಲ ತೂಗುತ್ತದೆ. ಬಿಗಿತವನ್ನು 30ಕ್ಕೆ ಇಳಿಸಿದರೆ 1.5 ಸಲ. ದಿನದ ಓಡಾಟಕ್ಕೆ ಈ 1.5 ಸಾಕಷ್ಟು ಚುರುಕೇ, ಅದಕ್ಕಿಂತ ತೀರಾ ಕೆಳಗಿಳಿದರೆ ಬ್ರೇಕ್ ಒತ್ತಿದಾಗ ಮೂಗು ಮುಗ್ಗರಿಸುತ್ತದೆ. ಸ್ಪ್ರಿಂಗ್ ಬಾಕ್ಸಿನ ಮೇಲೆ ಬರೆದ ಅಂಕಿ ಚಕ್ರದ ಬಳಿಯದಲ್ಲ ಎಂಬುದು ನೆನಪಿರಲಿ. ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗ್ 7 ಮಿ.ಮೀ. ಮಾತ್ರ ಅದುಮಿದರೆ, ಆ ಅಂಕಿಯನ್ನು 0.7ರಿಂದ ಎರಡು ಸಲ ಗುಣಿಸಬೇಕು.

ಸ್ಪ್ರಿಂಗ್ ಮೆತ್ತಗೆ ಮಾಡಿ ಹೋದ ಹಿಡಿತದ ಒಂದು ಪಾಲನ್ನು ಆ್ಯಂಟಿ ರೋಲ್ ಬಾರ್‌ನಿಂದ (ತಿರುವಿನಲ್ಲಿ ಗಾಡಿ ವಾಲದಂತೆ ಎಡಬಲ ಚಕ್ರಗಳನ್ನು ಜೋಡಿಸುವ ಸರಳು) ಮರಳಿ ಪಡೆಯಬಹುದು. ಎರಡೂ ಚಕ್ರ ಒಟ್ಟಿಗೆ ಏರುವ ಕಾಂಕ್ರೀಟ್ ಜೋಡಣೆಯಲ್ಲಿ ಬಾರ್ ಸುಮ್ಮನಿರುತ್ತದೆ, ತಿರುವಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಒಂದೇ ಚಕ್ರ ಹೊಂಡಕ್ಕೆ ಬಿದ್ದಾಗ ಅದೇ ಬಾರ್ ತಲೆಯನ್ನು ಅತ್ತಿತ್ತ ಎಸೆಯುತ್ತದೆ. ಗಟ್ಟಿ ಸರಳಿನ ಬಾರ್ 24ರಿಂದ 26 ಮಿ.ಮೀ.ಗೆ ಹೋದರೆ ಬಿಗಿತ ಸುಮಾರು ಶೇ. 38 ಏರುತ್ತದೆ, ಎರಡೇ ಮಿಲಿಮೀಟರ್ ಎಂದು ಹಗುರವಾಗಿ ನೋಡಬೇಡಿ. ಪುಣೆಯಿಂದ ಸಾತಾರಾ, ಕೊಲ್ಹಾಪುರದ ಹೆದ್ದಾರಿಯಲ್ಲೇ ಹೆಚ್ಚು ಓಡುವ ಗಾಡಿಗೆ ಇದು ಸರಿ. ಅಂಧೇರಿ, ಡೊಂಬಿವಲಿಯ ಒಳರಸ್ತೆಗೆ ಹಳೆ ಬಾರೇ ಇರಲಿ.

ಕೊನೆಯ ಕೆಡುಕು ಬುಷ್ಷಿನದು, ಅಂದರೆ ಚಕ್ರ ಹಿಡಿದಿರುವ ಆರ್ಮಿನ ಕೀಲಿನಲ್ಲಿ ಕೂರುವ ರಬ್ಬರಿನದು. ಗಾಡಿ ಲಿಫ್ಟಿನಲ್ಲಿ ಚಕ್ರ ನೇತಾಡುತ್ತಿರುವಾಗಲೇ ಆರ್ಮಿನ ಬೋಲ್ಟ್ ಪೂರ್ತಿ ಬಿಗಿದರೆ, ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ. ಸವಾರಿ ಗಟ್ಟಿಯಾಗುತ್ತದೆ, ಬುಷ್ ಬೇಗ ಹರಿಯುತ್ತದೆ. ಸಡಿಲವಾಗಿ ಜೋಡಿಸಿ, ಆರ್ಮಿನ ಕೆಳಗೆ ಜ್ಯಾಕ್ ಕೊಟ್ಟು ನಿಂತ ಎತ್ತರಕ್ಕೆ ತಂದು, ಆಮೇಲೆ ಟಾರ್ಕ್ ರೆಂಚಿನಲ್ಲಿ ಬಿಗಿಯಲು ಹೇಳಿ. ಆಗುವವರೆಗೆ ಪಕ್ಕದಲ್ಲೇ ನಿಲ್ಲಿ. ಪಾಲಿಯುರೆಥೇನಿನ ಗಟ್ಟಿ ಪಾಲಿ ಬುಷ್ ಬೇಡ, ಕಂಪನಿಯ ರಬ್ಬರೇ ಸಾಕು. ಹೊಸ ಸ್ಪ್ರಿಂಗ್ ಕೊಂಚ ಕೂರುತ್ತದೆ, ಆದ್ದರಿಂದ 500 ಕಿ.ಮೀ. ಓಡಿಸಿ ನಾಲ್ಕೂ ಮೂಲೆಯ ಎತ್ತರ ಅಳೆದ ಮೇಲೆ ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಿ, ಹೆಡ್‌ಲೈಟಿನ ಮಟ್ಟವನ್ನೂ ಸರಿಪಡಿಸಿಕೊಳ್ಳಿ.