ಮೊದಲ ಟ್ರಯಥ್ಲಾನ್: ನಾನು ತಯಾರಾದ ಬಗೆ

ಟ್ರಯಥ್ಲಾನ್ ಎಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೊಂದು ಮುಗಿಸುವ ಸ್ಪರ್ಧೆ. ಮೊದಲ ಸಲಕ್ಕೆ ನಾನು ಆರಿಸಿಕೊಂಡದ್ದು ಸ್ಪ್ರಿಂಟ್ ದೂರ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಇದರ ಎರಡರಷ್ಟು ಒಲಿಂಪಿಕ್ ದೂರ. 2000ರಲ್ಲಿ ಸಿಡ್ನಿಯಲ್ಲಿ ಈ ಆಟ ಮೊದಲ ಬಾರಿ ಒಲಿಂಪಿಕ್ಸ್ ಸೇರಿದಾಗ ನಡೆದದ್ದು ಅದೇ. ಹೆಸರಿನ ಆಸೆಗೆ ಹೊಸಬರು ನೇರವಾಗಿ ಅದಕ್ಕೇ ಕೈಹಾಕುತ್ತಾರೆ. ನನ್ನನ್ನು ಕೇಳಿದರೆ ಬೇಡ.

ತಯಾರಿ ಶುರು ಮಾಡುವ ಮೊದಲು ಯಾವುದಕ್ಕೆ ಎಷ್ಟು ಹೊತ್ತು ಬೇಕೆಂದು ಕಾಗದದ ಮೇಲೆ ಲೆಕ್ಕ ಹಾಕಿ. 100 ಮೀಟರಿಗೆ ಎರಡೂವರೆ ನಿಮಿಷದಂತೆ ಈಜಿದರೆ 750 ಮೀಟರಿಗೆ ಸುಮಾರು 19 ನಿಮಿಷ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಸೈಕಲ್‌ಗೆ 48 ನಿಮಿಷ. ಕಿಲೋಮೀಟರಿಗೆ ಆರೂವರೆ ನಿಮಿಷದಂತೆ ಓಟಕ್ಕೆ 32 ನಿಮಿಷ ಚಿಲ್ಲರೆ. ನಡುವೆ ಈಜಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗುವ ಎರಡು ಟ್ರಾನ್ಸಿಶನ್‌ಗಳಿಗೆ ಐದು ನಿಮಿಷ ಇಟ್ಟುಕೊಂಡರೆ ಒಟ್ಟು ಒಂದೂಮುಕ್ಕಾಲು ಗಂಟೆ. ಅದರಲ್ಲಿ ಹತ್ತಿರಹತ್ತಿರ ಅರ್ಧ ಸೈಕಲ್ ಮೇಲೆಯೇ ಕಳೆಯುತ್ತದೆ. ಆದರೆ ಹೊಸಬರಿಗೆ ಧೈರ್ಯ ಕೈಕೊಡುವುದು ನೀರಿನಲ್ಲಿ, ಗಡಿಬಿಡಿಯಾಗುವುದು ಟ್ರಾನ್ಸಿಶನ್‌ನಲ್ಲಿ, ಕಾಲು ಕೈಕೊಡುವುದು ಓಟದ ಮೊದಲ ಕಿಲೋಮೀಟರಿನಲ್ಲಿ. ನನ್ನ ಅಭ್ಯಾಸದ ಒತ್ತು ಈ ಮೂರರ ಮೇಲೆಯೇ ಇತ್ತು.

ನಿಲ್ಲದೆ 200 ಮೀಟರ್ ಈಜಬಲ್ಲವರಿಗೆ, ನಿಧಾನವಾಗಿಯಾದರೂ 5 ಕಿ.ಮೀ. ಓಡಬಲ್ಲವರಿಗೆ 12 ವಾರ ಸಾಕು. ವಾರಕ್ಕೆ ಮೂರು ಸಲ ಈಜು, ಎರಡು ಸಲ ಸೈಕಲ್, ಎರಡು ಸಲ ಓಟ. ಓಟದಲ್ಲಿ ಒಂದನ್ನು ಸೈಕಲ್‌ನ ಬೆನ್ನಿಗೇ ಜೋಡಿಸಿದರೆ ಒಂದು ದಿನ ಪೂರ್ತಿ ವಿಶ್ರಾಂತಿಗೆ ಸಿಗುತ್ತದೆ. ಕೊನೆಯ ವಾರ ದೂರವನ್ನು ಅರ್ಧಕ್ಕೆ ಇಳಿಸಿ, ಆದರೆ ಪೂರ್ತಿ ನಿಲ್ಲಿಸಬೇಡಿ.

ಈಜನ್ನು 50 ಮೀಟರಿನ ಎಂಟು ತುಂಡುಗಳಿಂದ ಶುರು ಮಾಡಿ, ನಡುವೆ 20 ಸೆಕೆಂಡ್ ಬಿಡುವು. ಅದನ್ನು ಮೆಲ್ಲಗೆ 250 ಮೀಟರಿನ ಮೂರು ತುಂಡುಗಳಿಗೆ ಒಯ್ದು, ಎಂಟನೇ ವಾರದ ಹೊತ್ತಿಗೆ 750 ಎಲ್ಲೂ ನಿಲ್ಲದೆ ಮುಗಿಸುವಂತಾಗಬೇಕು. 25 ಮೀಟರಿನ ಕೊಳದಲ್ಲಿ ಅದು 30 ಉದ್ದ. ಬೇಗ ಏದುಸಿರು ಬರುತ್ತದೆ ಎನ್ನುವವರಲ್ಲಿ ಹೆಚ್ಚಿನವರಿಗೆ ಗಾಳಿ ಸಾಲದೆ ಹೋಗುವುದಿಲ್ಲ, ಒಳಗಿನ ಗಾಳಿ ಹೊರಗೆ ಹೋಗಿರುವುದಿಲ್ಲ. ಮುಖ ನೀರಿನಲ್ಲಿದ್ದಷ್ಟು ಹೊತ್ತೂ ಮೂಗು ಬಾಯಿಗಳಿಂದ ಗುಳ್ಳೆ ಬಿಡುತ್ತಲೇ ಇರಬೇಕು. ಉಸಿರು ಕಟ್ಟಿಕೊಂಡು ಈಜಿದರೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಎದೆ ಬಿಗಿಯುತ್ತದೆ, ಆಮೇಲೆ ತಲೆ ಎತ್ತುತ್ತೀರಿ, ತಲೆ ಎತ್ತಿದೊಡನೆ ಕಾಲು ಮುಳುಗುತ್ತದೆ.

ಕೊಳದಲ್ಲಿ 750 ಬಂದರೆ ಕೆರೆಯಲ್ಲೂ ಬಂದಂತೆ ಎಂದುಕೊಳ್ಳಬೇಡಿ. ತೆರೆದ ನೀರಿನಲ್ಲಿ ಪ್ರತಿ 25 ಮೀಟರಿಗೆ ಒದ್ದು ಮುಂದೆ ಚಿಮ್ಮಲು ಗೋಡೆಯಿಲ್ಲ, ನೋಡಿಕೊಂಡು ಹೋಗಲು ತಳದಲ್ಲಿ ಗೆರೆಯಿಲ್ಲ. ಆರರಿಂದ ಹತ್ತು ಕೈಬೀಸಿಗೊಮ್ಮೆ ಮೊಸಳೆಯಂತೆ ಕಣ್ಣು ಮಾತ್ರ ನೀರಿನ ಮೇಲೆ ತಂದು ತೇಲುಗುರುತು ಎಲ್ಲಿದೆ ನೋಡಿ, ಆಮೇಲೆ ಪಕ್ಕಕ್ಕೆ ತಿರುಗಿ ಉಸಿರು ತೆಗೆದುಕೊಳ್ಳಿ. ನೋಡುವುದನ್ನೂ ಉಸಿರಾಟವನ್ನೂ ಒಟ್ಟಿಗೆ ಮಾಡಲು ಹೋದರೆ ನೀರು ಕುಡಿಯುತ್ತೀರಿ. ಸ್ಪರ್ಧೆಗೆ ಮುಂಚೆ ಕನಿಷ್ಠ ಮೂರ್ನಾಲ್ಕು ಸಲ, ಜೊತೆಗೆ ಯಾರಾದರೂ ಇರುವಾಗ, ತೆರೆದ ನೀರಿನಲ್ಲಿ ಅಭ್ಯಾಸ ಮಾಡಲೇಬೇಕು.

ಆರಂಭದಲ್ಲಿ ಗುಂಪಿನ ಅಂಚಿನಲ್ಲಿ, ಹಿಂದೆ ನಿಲ್ಲಿ. ಕೈ ಕಾಲು ತಗಲುವುದು ಮಾಮೂಲು, ಯಾರೂ ಬೇಕೆಂದು ಒದೆಯುವುದಿಲ್ಲ. ಗಾಗಲ್ಸ್ ಪಟ್ಟಿಯ ಮೇಲೆ ಕ್ಯಾಪ್ ಹಾಕಿಕೊಂಡರೆ ಏಟು ಬಿದ್ದರೂ ಅದು ಕಳಚಿ ಹೋಗುವುದಿಲ್ಲ. ಮೊದಲ 100 ಮೀಟರ್ ಬೇಕೆಂದೇ ನಿಧಾನ. ಗಾಬರಿಯಾದರೆ ಅಂಗಾತ ತೇಲಿ, ಇಲ್ಲವೇ ಬ್ರೆಸ್ಟ್‌ಸ್ಟ್ರೋಕ್‌ಗೆ ಬನ್ನಿ, ಅದಕ್ಕೆ ನಿಯಮದ ಅಡ್ಡಿಯಿಲ್ಲ. ರಕ್ಷಣಾ ದೋಣಿಯನ್ನು ಹಿಡಿದು ಸುಧಾರಿಸಿಕೊಳ್ಳಲೂಬಹುದು. ಅದರ ಸಹಾಯದಿಂದ ಮುಂದೆ ಸಾಗುವಂತಿಲ್ಲ, ಅಷ್ಟೆ. ದಡ ಬಂತೆಂದು ಸೊಂಟದ ಮಟ್ಟದ ನೀರಿನಲ್ಲಿ ಎದ್ದು ನಡೆದರೆ ಶ್ರಮ ವ್ಯರ್ಥ. ಕೈ ಎರಡು ಮೂರು ಸಲ ನೆಲಕ್ಕೆ ತಾಗುವವರೆಗೂ ಈಜಿ.

ಮೊದಲ ಟ್ರಾನ್ಸಿಶನ್‌ಗೆ ಮುಖ್ಯವಾದದ್ದು ನಿಮ್ಮ ಸೈಕಲ್ ಎಲ್ಲಿದೆ ಎಂಬ ನೆನಪು. ನೀರಿನಿಂದ ಬರುವ ದಾರಿಯಿಂದ ಎಷ್ಟನೇ ಸಾಲು ಎಂದು ಎಣಿಸಿ, ಮುಂಚೆಯೇ ಒಮ್ಮೆ ನಡೆದು ನೋಡಿ. ಪಕ್ಕದವರ ಬಣ್ಣದ ಬ್ಯಾಗನ್ನು ಗುರುತಿಟ್ಟುಕೊಳ್ಳಬೇಡಿ, ಅದು ಅಲ್ಲೇ ಇರುತ್ತದೆಂಬ ಖಾತ್ರಿಯಿಲ್ಲ. ಹ್ಯಾಂಡಲ್ ಮೇಲೆ ಹೆಲ್ಮೆಟನ್ನು ಬೋರಲು ಹಾಕದೆ ಅಂಗಾತ ಇಡಿ, ಪಟ್ಟಿಗಳು ಎರಡೂ ಕಡೆ ಹೊರಗೆ ಇಳಿಬಿದ್ದಿರಲಿ, ತಂಪು ಕನ್ನಡಕ ಅದರೊಳಗೆ. ನೆಲದ ಮೇಲೆ ಪುಟ್ಟ ಟವೆಲ್, ಅದರ ಮೇಲೆ ಬಾಯಿ ಅಗಲಿಸಿದ ಶೂ, ಅರ್ಧಕ್ಕೆ ಸುತ್ತಿ ಒಳಗೆ ಪೌಡರ್ ಉದುರಿಸಿದ ಸಾಕ್ಸ್, ನಂಬರ್ ಸಿಕ್ಕಿಸಿದ ಬೆಲ್ಟ್. ಒದ್ದೆ ಮೈಗೆ ಕಾಟನ್ ಟಿ-ಶರ್ಟ್ ಹಾಕಲು ಹೋದರೆ ಅದು ಬೆನ್ನ ಮೇಲೆ ಸುರುಳಿ ಸುತ್ತಿಕೊಂಡು ಕೆಳಗಿಳಿಯುವುದೇ ಇಲ್ಲ. ಆದ್ದರಿಂದ ಈಜಿಗೆ ಹಾಕಿದ ಬಟ್ಟೆಯಲ್ಲೇ ಕೊನೆಯವರೆಗೆ ಹೋಗಿ. ಮೂರಕ್ಕೂ ಆಗುವ ಬಿಗಿ ಉಡುಪಾದ ಟ್ರೈಸೂಟ್ ಬಿಟ್ಟರೆ ಹೊಸದಾಗಿ ಕೊಳ್ಳುವಂಥದ್ದು ಬೇರೇನೂ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಟೈಮಿಂಗ್ ಚಿಪ್ ಎಡ ಕಣಕಾಲಿಗೆ ಕಟ್ಟಿ. ಸೈಕಲ್ ಚೈನ್ ಇರುವುದು ಬಲಕ್ಕೆ.

ನಿಯಮ ಒಂದನ್ನು ಬಾಯಿಪಾಠ ಮಾಡಿ: ಹೆಲ್ಮೆಟ್ ಬಕಲ್ ಹಾಕಿದ ಮೇಲೆಯೇ ಸೈಕಲ್ ಮುಟ್ಟುವುದು, ವಾಪಸು ಬಂದು ಸೈಕಲನ್ನು ಕಂಬಿಗೆ ನೇತುಹಾಕಿದ ಮೇಲೆಯೇ ಬಕಲ್ ಬಿಚ್ಚುವುದು. ಹೊಸಬರಿಗೆ ದಂಡ ಬೀಳುವುದು ಬಹುಪಾಲು ಇಲ್ಲೇ. ಸೈಕಲ್ ತಳ್ಳಿಕೊಂಡು ಓಡಿ, ಹತ್ತುವ ಗೆರೆ ದಾಟಿದ ಮೇಲೆ ಹತ್ತಿ. ಹಗುರ ಗೇರ್‌ನಲ್ಲಿ ಇಟ್ಟಿಲ್ಲದಿದ್ದರೆ ಮೊದಲ ಪೆಡಲ್‌ಗೇ ವಾಲಾಡುತ್ತೀರಿ.

ಯಾವ ಸೈಕಲ್ ಆದರೂ ನಡೆಯುತ್ತದೆ, ಬ್ರೇಕ್ ಸರಿಯಿರಬೇಕು, ಹ್ಯಾಂಡಲ್ ತುದಿಗಳ ಮುಚ್ಚಳ ಇರಬೇಕು. ಒಂದು ಟ್ಯೂಬ್, ಟೈರ್ ಲಿವರ್, ಪಂಪ್ ಸೀಟಿನ ಕೆಳಗಿರಲಿ, ಅವನ್ನು ಬಳಸಲು ಬರಬೇಕು. ಮೊದಲ ಐದು ನಿಮಿಷ ಹಗುರಾಗಿ ತುಳಿಯಿರಿ, ನೀರಿನಿಂದ ಎದ್ದು ಓಡಿದ ಎದೆಬಡಿತ ಇಳಿಯಲಿ. ಆಮೇಲೆ ಪೆಡಲ್ ನಿಮಿಷಕ್ಕೆ 85ರಿಂದ 90 ಸುತ್ತು. ಮುಂದಿನವರ ಹಿಂದೆ ಅಂಟಿಕೊಂಡು ಹೋಗುವುದು ಡ್ರಾಫ್ಟಿಂಗ್, ಹೆಚ್ಚಿನ ಹವ್ಯಾಸಿ ಸ್ಪರ್ಧೆಗಳಲ್ಲಿ ನಿಷಿದ್ಧ. ಬಿಡಬೇಕಾದ ಅಂತರ ಎಷ್ಟೆಂದು ಆಯಾ ಸ್ಪರ್ಧೆಯ ನಿಯಮದಲ್ಲಿ ಓದಿಕೊಳ್ಳಿ. ಕೊನೆಯ ಒಂದು ಕಿಲೋಮೀಟರ್ ಗೇರ್ ಇಳಿಸಿ ಕಾಲು ಸಡಿಲ ಮಾಡಿಕೊಳ್ಳಿ.

ಎರಡನೇ ಟ್ರಾನ್ಸಿಶನ್ ಸುಲಭ: ಸೈಕಲ್ ಸಿಕ್ಕಿಸು, ಹೆಲ್ಮೆಟ್ ತೆಗೆ, ಬೆಲ್ಟ್ ತಿರುಗಿಸಿ ನಂಬರನ್ನು ಮುಂದಕ್ಕೆ ತಾ. ಶೂಗೆ ಎಲಾಸ್ಟಿಕ್ ಲೇಸ್ ಇದ್ದರೆ ನಡುಗುವ ಬೆರಳಲ್ಲಿ ಗಂಟು ಹಾಕುವ ಪಾಡಿಲ್ಲ. ಆಮೇಲಿನ ಹೆಜ್ಜೆಗಳೇ ಕಷ್ಟ. ಮುಕ್ಕಾಲು ಗಂಟೆ ಬಾಗಿ ಕುಳಿತ ಸೊಂಟದ ಮುಂಭಾಗದ ಸ್ನಾಯು ಬಿಗಿದಿರುತ್ತದೆ, ತೊಡೆ ದಣಿದಿರುತ್ತದೆ, ಕಾಲು ನಿಮ್ಮದಲ್ಲ ಅನಿಸುತ್ತದೆ. ಸೈಕಲ್‌ನ ವೇಗಕ್ಕೆ ಒಗ್ಗಿದ ಕಣ್ಣಿಗೆ ಓಟ ತೀರಾ ನಿಧಾನವೆನಿಸಿ, ಗೊತ್ತಿಲ್ಲದೆ ಜೋರಾಗಿ ಓಡಿಬಿಡುತ್ತೀರಿ. ಚಿಕ್ಕ ಹೆಜ್ಜೆ ಹಾಕಿ, ಮೊದಲ ಕಿಲೋಮೀಟರನ್ನು ಗಡಿಯಾರ ನೋಡಿಕೊಂಡು 20 ಸೆಕೆಂಡ್ ನಿಧಾನ ಓಡಿ. ಇದಕ್ಕೆಂದೇ ಬ್ರಿಕ್ ಅಭ್ಯಾಸ: ಕೊನೆಯ ಆರು ವಾರ, ವಾರಕ್ಕೊಮ್ಮೆ, 15 ಕಿ.ಮೀ. ಸೈಕಲ್ ಇಳಿದ ತಕ್ಷಣ 2 ಕಿ.ಮೀ. ಓಟ. ನಡುವೆ ಕೂತು ನೀರು ಕುಡಿದರೆ ಅದು ಬ್ರಿಕ್ ಅಲ್ಲ.

ಊಟದ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಎರಡೂವರೆ ಗಂಟೆ ಮುಂಚೆ ದಿನವೂ ತಿನ್ನುವ ಹಗುರ ಆಹಾರ, ಎಣ್ಣೆ ನಾರು ಕಡಿಮೆ. ಸೈಕಲ್ ಮೇಲೆ 500 ರಿಂದ 750 ಮಿಲಿ ನೀರು, ಗುಟುಕು ಗುಟುಕಾಗಿ. ಜೆಲ್ (ಬೇಗ ಶಕ್ತಿ ಕೊಡುವ ಸಕ್ಕರೆ ಪಾಕದಂಥ ಪೊಟ್ಟಣ) ತಿನ್ನುವುದಿದ್ದರೆ ಅಭ್ಯಾಸದಲ್ಲೇ ತಿಂದು ನೋಡಿ, ಓಟದಲ್ಲಿ ಹೊಟ್ಟೆ ಹಿಡಿಯುವುದು ಹೊಸ ಜೆಲ್‌ನಿಂದಲೇ ಹೆಚ್ಚು.

ಮುಗಿದ ಮೇಲೆ ತಟ್ಟನೆ ಕೂರದೆ ಹತ್ತು ನಿಮಿಷ ನಡೆದಾಡಿ. ಚಿಪ್ ವಾಪಸು ಕೊಡಿ. ನಂಬರ್ ಬಿಚ್ಚಿ ಎಸೆಯಬೇಡಿ, ಅದನ್ನು ಸೈಕಲ್ ಮೇಲಿನ ನಂಬರಿಗೆ ತಾಳೆ ನೋಡಿಯೇ ನಿಮ್ಮ ಸೈಕಲನ್ನು ಹೊರಗೆ ಬಿಡುತ್ತಾರೆ.