ಮನೆಯೊಳಗಿನ ಬೆಕ್ಕಿಗೆ ಒಣ ಆಹಾರ ಆರಿಸುವ ಕ್ರಮ

ದಾವಣಗೆರೆಯಲ್ಲಿ ಮಾಂಸ ಬೇಯಿಸದ ಮನೆಗಳು ಸಾಕಷ್ಟಿವೆ. ಅಂಥ ಮನೆಗಳ ಬೆಕ್ಕು ಹಿಂದೆ ಹಾಲು-ಅನ್ನ ತಿಂದು, ಉಳಿದ ಕೊರತೆಯನ್ನು ಹಿತ್ತಲಿನ ಇಲಿ, ಹಲ್ಲಿಗಳಿಂದ ತುಂಬಿಕೊಳ್ಳುತ್ತಿತ್ತು. ಅಪಾರ್ಟ್‌ಮೆಂಟಿನ ಮುಚ್ಚಿದ ಬಾಗಿಲೊಳಗೆ ಬೆಳೆಯುವ ಬೆಕ್ಕಿಗೆ ಆ ದಾರಿ ಇಲ್ಲದಿರುವುದರಿಂದ, ಅದರ ಪೋಷಣೆಯೆಲ್ಲ ನೀವು ತರುವ ಪೊಟ್ಟಣವನ್ನೇ ಅವಲಂಬಿಸುತ್ತದೆ.

ಬೆಕ್ಕು ಮಾಂಸವನ್ನೇ ನೆಚ್ಚಿಕೊಂಡ ಪ್ರಾಣಿ. ಟಾರಿನ್ ಎಂಬ ಅಮೈನೊ ಆಮ್ಲವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆ ಮುಂದುವರಿದರೆ ಅಕ್ಷಿಪಟಲ ಕೆಟ್ಟು ದೃಷ್ಟಿ ಹೋಗಬಹುದು, ಹೃದಯದ ಸ್ನಾಯುವೂ ದುರ್ಬಲವಾಗಬಹುದು. ನಾಯಿಯ ಆಹಾರದಲ್ಲಿ ಟಾರಿನ್ ಸಾಕಷ್ಟಿರುತ್ತದೆ ಎನ್ನಲಾಗದು, ಆದ್ದರಿಂದ ಅದನ್ನು ಬೆಕ್ಕಿಗೆ ಹಾಕಬಾರದು. ಮನೆಯವರ ಆಚಾರವನ್ನು ಬೆಕ್ಕಿನ ಮೇಲೆ ಹೇರುವುದೂ ನನ್ನ ದೃಷ್ಟಿಯಲ್ಲಿ ನ್ಯಾಯವಲ್ಲ. ಒಲೆಯ ಮೇಲೆ ಮಾಂಸವಿಡದೆಯೇ ಬೆಕ್ಕಿಗೆ ಅದನ್ನು ಒದಗಿಸಲು ಒಣ ಆಹಾರಕ್ಕಿಂತ ಸುಲಭವಾದ ಮಾರ್ಗವಿಲ್ಲ.

ಪೊಟ್ಟಣದ ಮುಂಭಾಗದ ಚಿತ್ರಗಳನ್ನು ಬಿಟ್ಟು ಹಿಂಭಾಗವನ್ನು ಓದಿ. ವಯಸ್ಕ ಬೆಕ್ಕಿಗೆ ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’, ಅಂದರೆ ಪರಿಪೂರ್ಣ ಮತ್ತು ಸಮತೋಲಿತ, ಎಂಬ ಹೇಳಿಕೆ ಇರಬೇಕು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವುದರಿಂದ, ಮೊದಲ ಹೆಸರುಗಳಲ್ಲಿ ಕೋಳಿ ಅಥವಾ ಮೀನು ಕಾಣಿಸಬೇಕೇ ಹೊರತು ಮೆಕ್ಕೆಜೋಳವಲ್ಲ. ಪ್ರಾಣಿಗಳ ಆಹಾರಕ್ಕೆ ಮಾನದಂಡ ರೂಪಿಸುವ ಅಮೆರಿಕದ ಆಫ್ಕೊ (AAFCO) ಸಂಘದ ಲೆಕ್ಕದಂತೆ, ತೇವಾಂಶ ಕಳೆದ ಲೆಕ್ಕದಲ್ಲಿ, ವಯಸ್ಕ ಬೆಕ್ಕಿಗೆ ಪ್ರೋಟೀನ್ ಕನಿಷ್ಠ ಶೇ. 26 ಇರಬೇಕು, ಶೇ. 30 ದಾಟಿದ್ದನ್ನು ಆರಿಸುವುದು ಲೇಸು. ಪಿಷ್ಟದ ಅಂಶವನ್ನು ಸಾಮಾನ್ಯವಾಗಿ ಬರೆದಿರುವುದಿಲ್ಲವಾದರೂ ಲೆಕ್ಕ ಹಾಕಬಹುದು: ಪ್ರೋಟೀನ್ 32, ಕೊಬ್ಬು 12, ನಾರು 4, ತೇವಾಂಶ 10, ಬೂದಿ (ಅಂದರೆ ಖನಿಜಾಂಶ) 8 ಎಂದಿದ್ದರೆ ಒಟ್ಟು 66, ನೂರರಲ್ಲಿ ಉಳಿದ 34 ಹೆಚ್ಚುಕಡಿಮೆ ಪಿಷ್ಟವೇ.

‘ಇಂಡೋರ್’ ಎಂದು ಬರೆದ ಆಹಾರದಲ್ಲಿ ಸಾಮಾನ್ಯವಾಗಿ ಕ್ಯಾಲೊರಿ ಕಡಿಮೆ, ನಾರು ಹೆಚ್ಚು. ಆದರೂ ಆ ಪದಕ್ಕಿಂತ ಅಂಕಿಗಳನ್ನು ನಂಬಿ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಸುಮಾರು 4 ಕೆ.ಜಿ. ತೂಗುವ ಬೆಕ್ಕಿಗೆ ದಿನಕ್ಕೆ 200 ಕಿಲೊಕ್ಯಾಲೊರಿಯ ಆಸುಪಾಸು ಸಾಕಾಗುತ್ತದೆ. ನೂರು ಗ್ರಾಂಗೆ 380 ಕಿಲೊಕ್ಯಾಲೊರಿ ಇರುವ ಆಹಾರವಾದರೆ ಅದು 50 ಗ್ರಾಂಗಿಂತ ತುಸು ಹೆಚ್ಚು. ಬಟ್ಟಲು ತುಂಬಿಸಿಡುವ ಬದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಎರಡು ಮೂರು ಹೊತ್ತಿಗೆ ಹಂಚಿ.

ಒಣ ಆಹಾರದಲ್ಲಿ ನೀರಿನಂಶ ಶೇ. 10ರಷ್ಟೇ ಇರುವುದರಿಂದ, ಅದರಲ್ಲೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ಎರಡು ಮೂರು ಕಡೆ ಅಗಲ ಬಾಯಿಯ ಪಾತ್ರೆಗಳಲ್ಲಿ ನೀರಿಡಿ. ಗಂಡು ಬೆಕ್ಕು ತಿಣುಕಿದರೂ ಮೂತ್ರ ಬಾರದಿದ್ದರೆ ಆಹಾರ ಬದಲಿಸುತ್ತ ಕೂರದೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಮೂತ್ರನಾಳ ಕಟ್ಟಿಕೊಂಡರೆ ಪ್ರಾಣಕ್ಕೇ ಅಪಾಯ.

ದೊಡ್ಡ ಚೀಲ ಬಿಚ್ಚಿ ಬಿಡಿಯಾಗಿ ತೂಗಿಕೊಡುವ ಆಹಾರ ಅಗ್ಗವೆನಿಸಿದರೂ, ಅದು ಎಂದು ತಯಾರಾಯಿತು, ಎಂದು ಬಿಚ್ಚಿದ್ದು ಎಂಬುದು ತಿಳಿಯುವುದಿಲ್ಲ. ಮೆತ್ತಗಾದ ಮಂಡಕ್ಕಿಯನ್ನು ಹುರಿದು ಗರಿಗರಿ ಮಾಡಿಕೊಳ್ಳಬಹುದು. ಜಿಡ್ಡು ಕಮಟಿದ ಬೆಕ್ಕಿನ ಆಹಾರಕ್ಕೆ ಅಂಥ ಉಪಾಯವಿಲ್ಲ. ತಿಂಗಳೊಪ್ಪತ್ತಿನಲ್ಲಿ ಮುಗಿಯುವಷ್ಟು ಚಿಕ್ಕ ಪೊಟ್ಟಣವನ್ನೇ ಕೊಂಡು, ಅದೇ ಪೊಟ್ಟಣದ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಒಲೆ ಮತ್ತು ಬಿಸಿಲಿನಿಂದ ದೂರವಿಡಿ.

ಹೊಸ ಆಹಾರವನ್ನು ಹಳೆಯದರೊಂದಿಗೆ ಬೆರೆಸಿ 7ರಿಂದ 10 ದಿನಗಳಲ್ಲಿ ಪೂರ್ತಿ ಬದಲಿಸಿ. ಹಸಿದರೆ ತಾನೇ ತಿನ್ನುತ್ತದೆ ಎಂಬ ಹಟ ಬೆಕ್ಕಿನ ವಿಷಯದಲ್ಲಿ ಸಲ್ಲದು. ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಯಕೃತ್ತಿನಲ್ಲಿ ಕೆಲವೇ ದಿನಗಳಲ್ಲಿ ಕೊಬ್ಬು ತುಂಬಿಕೊಳ್ಳಬಹುದಾದ್ದರಿಂದ, ಒಂದು ದಿನ ಪೂರ್ತಿ ಏನನ್ನೂ ಮುಟ್ಟದಿದ್ದರೆ ಹಳೆಯ ಆಹಾರವನ್ನೇ ಮತ್ತೆ ಹಾಕಿ ವೈದ್ಯರನ್ನು ಕೇಳಿ.